ಕಾರ್ಪೆಟ್ ಕ್ಲೀನಿಂಗ್ ಮಷಿನ್ ಕೈಕೊಟ್ರೆ ಎಲ್ಲಿಂದ ಹುಡುಕ್ಬೇಕು

ಬಿಸಿನೀರು ಚಿಮ್ಮಿಸಿ ವಾಪಸ್ ಎಳ್ಕೊಳ್ಳೋ ಎಕ್ಸ್‌ಟ್ರಾಕ್ಟರ್ ಮಷಿನ್ ಬಗ್ಗೆ ಇದು. ಹೊರಗಿಂದ ನೋಡೋಕೆ ಸ್ವಿಚ್ಚು ಪೈಪು ಅಂತ ಗೊಂದಲ, ಒಳಗೆ ನೋಡಿದ್ರೆ ಇರೋದು ಎರಡೇ ದಾರಿ. ಒಂದು ನೀರು ಹೋಗೋ ದಾರಿ: ಕ್ಲೀನ್ ಟ್ಯಾಂಕ್, ಫಿಲ್ಟರ್, ಪಂಪ್, ಹೀಟರ್, ಸಣ್ಣ ಪೈಪ್, ವಾಂಡ್ (ಕಾರ್ಪೆಟ್ ಮೇಲೆ ಆಡಿಸೋ ಹಿಡಿ ಕೊಳವೆ) ಮೇಲಿರೋ ಟ್ರಿಗರ್, ಕೊನೇಲಿ ನೀರು ಚಿಮ್ಮೋ ಸಣ್ಣ ಬಾಯಿ, ಅಂದ್ರೆ ಜೆಟ್. ಇನ್ನೊಂದು ಗಾಳಿ ಬರೋ ದಾರಿ: ವಾಂಡ್ ಬಾಯಿ, ದಪ್ಪ ಪೈಪ್, ಕೊಳೆ ನೀರಿನ ಟ್ಯಾಂಕ್, ಫ್ಲೋಟ್, ವ್ಯಾಕ್ಯೂಮ್ ಮೋಟರ್, ಆಮೇಲೆ ಎಕ್ಸಾಸ್ಟ್. ಏನೇ ತೊಂದ್ರೆ ಬಂದ್ರೂ ಮೊದಲು ಇದು ನೀರಿನ ದಾರೀದಾ ಗಾಳಿ ದಾರೀದಾ ಅಂತ ಬೇರೆ ಮಾಡ್ಕೊಳ್ಳಿ, ಅರ್ಧ ಹುಡುಕಾಟ ಅಲ್ಲೇ ಮುಗಿಯತ್ತೆ.

ನಾನಿದನ್ನ ಕಲಿತಿದ್ದು ದುಡ್ಡು ಕಳ್ಕೊಂಡು. ಒಂದ್ಸಲ ಸಕ್ಷನ್ ಬಿದ್ದೋಯ್ತು, ಮೋಟರ್ ಹೋಗಿದೆ ಅಂತ ನಾನೇ ತೀರ್ಮಾನ ಮಾಡಿ ಹೊಸ ಮೋಟರ್ ತರಿಸಿ ಅರ್ಧ ದಿನ ಕೂತು ಹಾಕ್ದೆ, ಆನ್ ಮಾಡಿದ್ರೆ ಸಕ್ಷನ್ ಮೊದಲು ಎಷ್ಟಿತ್ತೋ ಅಷ್ಟೇ. ಕೊನೆಗೆ ನೋಡಿದ್ರೆ ಕೊಳೆ ನೀರು ಬಿಡೋ ವಾಲ್ವ್ ಒಳಗೆ ಕಾರ್ಪೆಟ್ ನೂಲಿನ ಒಂದು ಗಂಟು, ಬಟಾಣಿ ಕಾಳಿನಷ್ಟು, ಅದ್ರಿಂದ ವಾಲ್ವ್ ಪೂರ್ತಿ ಮುಚ್ತಾ ಇರ್ಲಿಲ್ಲ. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ ಹಾಗೆ ಆಯ್ತು ನನ್ನ ಕಥೆ.

ಕೈ ಹಾಕೋ ಮುಂಚೆ

ಸ್ಕ್ರೂ ಬಿಚ್ಚೋ ಯಾವ ಕೆಲಸ ಆದ್ರೂ ಮೊದಲು ಪ್ಲಗ್ ಕೀಳಿ, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ. ಪಂಪ್ ಆಫ್ ಮಾಡಿದ್ಮೇಲೂ ಸಣ್ಣ ಪೈಪ್ ಒಳಗೆ ಪ್ರೆಷರ್ ಹಾಗೇ ನಿಂತಿರತ್ತೆ, ಹೀಟರ್ ಇದ್ರೆ ನೀರು ಸುಡ್ತಾನೂ ಇರತ್ತೆ, ಹಾಗಾಗಿ ಟ್ರಿಗರ್ ಒತ್ತಿ ಪ್ರೆಷರ್ ಇಳಿಸಿ ಆಮೇಲೆ ಕಪ್ಲರ್, ಅಂದ್ರೆ ನೀರಿನ ಪೈಪ್ ಸಿಕ್ಕಿಸೋ ಜೋಡಣೆ, ಬಿಚ್ಚಿ. ಅರ್ತ್ ಪಿನ್ ಮುರಿದಿರೋ ಪ್ಲಗ್‌ನಲ್ಲಿ ಈ ಮಷಿನ್ ಓಡಿಸ್ಲೇಬೇಡಿ, ನೀರು ಕರೆಂಟ್ ಎರಡೂ ಒಂದೇ ಡಬ್ಬೀಲಿರೋ ಸಾಮಾನು ಇದು. ಪೆಟ್ರೋಲ್, ಥಿನ್ನರ್ ತರದ್ದು ಚೆಲ್ಲಿರೋ ಜಾಗದಲ್ಲಿ ವ್ಯಾಕ್ಯೂಮ್ ಮಾಡ್ಬೇಡಿ, ಮೋಟರ್ ಒಳಗೆ ಕಾರ್ಬನ್ ಕಿಡಿ ಹಾರ್ತಾನೇ ಇರತ್ತೆ.

ಕಾರ್ಪೆಟ್ ಒಣಗ್ತಾನೇ ಇಲ್ಲ, ಸಕ್ಷನ್ ಕಮ್ಮಿ

ಹೆಚ್ಚಾಗಿ ಬರೋ ಕಂಪ್ಲೇಂಟ್ ಇದೇ, ಜನ ತಪ್ಪಾಗಿ ಮೋಟರ್ ಬದಲಾಯಿಸೋದೂ ಇದಕ್ಕೇ. ಟೂಲ್ ಏನೂ ಬೇಡ, ಅಂಗೈ ಮತ್ತು ಕಿವಿ ಸಾಕು.

ದಪ್ಪ ಪೈಪನ್ನ ಮಷಿನ್‌ನಿಂದ ಕಿತ್ತು, ವ್ಯಾಕ್ಯೂಮ್ ಆನ್ ಮಾಡಿ, ಪೈಪ್ ಹಾಕೋ ಬಾಯಿಗೆ ಅಂಗೈ ಪೂರ್ತಿ ಮುಚ್ಚಿ. ಸದ್ದು ಕೇಳಿಸ್ಕೊಳ್ಳಿ. ಮಷಿನ್ ಸರಿ ಇದ್ರೆ ಬಾಯಿ ಮುಚ್ಚಿದ ತಕ್ಷಣ ಮೋಟರ್ ಸದ್ದು ಮೇಲಕ್ಕೇರತ್ತೆ, ತೆಳ್ಳಗೆ ಕೀರಲು ಆಗತ್ತೆ, ಯಾಕಂದ್ರೆ ತಳ್ಳೋಕೆ ಗಾಳಿ ಇಲ್ದೆ ಫ್ಯಾನ್ ಹಗುರಾಗಿ ಜೋರಾಗಿ ತಿರುಗತ್ತೆ. ಕೈ ಕೀಳೋದೂ ಸ್ವಲ್ಪ ಕಷ್ಟ ಆಗ್ಬೇಕು. ಇಲ್ಲಿಂದ ಮೂರು ದಾರಿ ಒಡೆಯತ್ತೆ.

ಕೈ ಮುಚ್ಚಿದ್ರೂ ಸದ್ದು ಬದಲಾಗ್ಲಿಲ್ಲ, ಎಳೆತಾನೂ ಇಲ್ಲ ಅಂದ್ರೆ ಗಾಳಿ ಬೇರೆ ಎಲ್ಲಿಂದ್ಲೋ ಒಳಗೆ ನುಗ್ತಾ ಇದೆ, ಲೀಕ್. ಟ್ಯಾಂಕ್ ಮುಚ್ಚಳವನ್ನ ಎರಡೂ ಕೈಯಿಂದ ಒತ್ತಿ ಹಿಡಿದು ನೋಡಿ, ಸದ್ದು ಬದಲಾದ್ರೆ ಮುಚ್ಚಳದ ರಬ್ಬರ್ ಗ್ಯಾಸ್ಕೆಟ್. ಎಷ್ಟೋ ಸಲ ಗ್ಯಾಸ್ಕೆಟ್ ಚೆನ್ನಾಗೇ ಇರತ್ತೆ, ಅದರ ಕೆಳಗೆ ಒಂದು ಕೂದಲು ಒಂದು ಕಸ ಸಿಕ್ಕಿರತ್ತೆ, ಒದ್ದೆ ಬಟ್ಟೇಲಿ ಒರೆಸಿದ್ರೆ ಮುಗೀತು. ಮುಚ್ಚಳ ಅಲ್ಲ ಅಂದ್ರೆ ಡ್ರೈನ್ ವಾಲ್ವ್, ಅದರ ಬಾಯಿಗೆ ಅಂಗೈ ಹಿಡೀರಿ, ಎಳೆತ ಗೊತ್ತಾದ್ರೆ ಸಿಕ್ಕಿಬಿತ್ತು ಕಳ್ಳ. ಬಿಚ್ಚಿ ತೊಳೆದು, ಅಂಚಲ್ಲಿ ಮರಳು ಕೂತಿದ್ರೆ ತೆಗೆದು, ವಾಪಸ್ ಹಾಕಿ. ಇವೆರಡೂ ಅಲ್ದಿದ್ರೆ ಟ್ಯಾಂಕ್‌ನಲ್ಲೇ ಬಿರುಕು ಇರ್ಬೋದು, ಮಷಿನ್ ಮೆಟ್ಟಿಲ ಮೇಲಿಂದ ಬಿದ್ದಿದ್ರೆ ಮೂಲೆಗಳನ್ನ ಟಾರ್ಚ್ ಹಾಕಿ ನೋಡಿ.

ಎರಡನೇದು, ಬಾಯಿ ತೆರೆದಿದ್ರೂ ಸದ್ದು ಆಗ್ಲೇ ಕೀರಲಾಗಿದೆ, ಆದ್ರೆ ಎಳೆತ ಇಲ್ಲ. ಇದು ಲೀಕ್ ಅಲ್ಲ, ಬ್ಲಾಕ್. ಟ್ಯಾಂಕ್ ಒಳಗಿನ ಜಾಲರಿ ಫಿಲ್ಟರ್ ಮೇಲೆ ನೂಲು ಕೂದಲು ಸೇರಿ ಕಂಬಳಿ ತರ ಕೂತಿರತ್ತೆ, ಇಲ್ಲಾ ಫ್ಲೋಟ್ ಬಾಲ್ ಮೇಲೆ ಅಂಟ್ಕೊಂಡಿರತ್ತೆ. ಟ್ಯಾಂಕ್ ತುಂಬಿದಾಗ ಮೋಟರ್‌ಗೆ ನೀರು ಹೋಗ್ದೆ ಇರ್ಲಿ ಅಂತ ಇರೋ ಬಾಲ್ ಅದು, ಸೋಪಿನ ಜಿಡ್ಡು ಹಿಡಿದ್ರೆ ಖಾಲಿ ಟ್ಯಾಂಕ್‌ನಲ್ಲೂ ಕೆಳಗೆ ಬೀಳಲ್ಲ. ಬೆರಳಲ್ಲಿ ಆಡಿಸಿ ನೋಡಿ, ಸರಾಗವಾಗಿ ಮೇಲೆ ಕೆಳಗೆ ಹೋಗ್ಬೇಕು. ಅಡ್ಡ ಬರತ್ತೆ ಅಂತ ಕೆಲವರು ಅದನ್ನ ಕಿತ್ತೇ ಬಿಸಾಕ್ತಾರೆ, ಮುಂದಿನ ತಿಂಗಳು ಮೋಟರ್ ಬಿಸಾಕ್ತಾರೆ.

ಮೂರನೇದು, ಮಷಿನ್ ಬಾಯಲ್ಲಿ ಎಳೆತ ಭರ್ಜರಿ ಇದೆ, ವಾಂಡ್ ತುದೀಲಿ ಇಲ್ಲ. ಹಾಗಾದ್ರೆ ಮಷಿನ್‌ಗೆ ಕೈ ಹಾಕೋದೇ ಬೇಡ. ಈಗ ಪೈಪ್ ಸಿಕ್ಕಿಸಿ ಅದರ ತುದಿಗೆ ಅಂಗೈ, ಆಮೇಲೆ ವಾಂಡ್ ಸಿಕ್ಕಿಸಿ ಅದರ ಬಾಯಿಗೆ ಅಂಗೈ, ಎಲ್ಲಿ ಎಳೆತ ಬೀಳತ್ತೋ ಅಲ್ಲೇ ತೊಂದ್ರೆ. ಪೈಪ್‌ನಲ್ಲಿ ತೂತಿದ್ರೆ ತುದಿ ಮುಚ್ಚಿದಾಗ ಸಣ್ಣ ಸಿಳ್ಳೆ ಕೇಳತ್ತೆ, ಮಷಿನ್ ಪಕ್ಕದ ಮೊದಲ ಒಂದಡಿ ಜಾಸ್ತಿ ಮಡಚೋ ಜಾಗ ಆದ್ರಿಂದ ಅಲ್ಲಿ ಮೊದಲು ನೋಡಿ. ತೂತು ತುದೀಲೇ ಇದ್ರೆ ಅಷ್ಟು ಕತ್ತರಿಸಿ ಪೈಪ್ ತುದಿಯ ಕಫ್ (ಸಿಕ್ಕಿಸೋ ಬಳೆ) ಮತ್ತೆ ತಿರುಗಿಸಿ ಹಾಕಿದ್ರೆ ಆಯ್ತು, ನಡುವೆ ಇದ್ರೆ ಟೇಪ್ ಸುತ್ತಿ ಆ ದಿನ ದಾಟಿಸ್ಬೋದು ಅಷ್ಟೇ. ವಾಂಡ್ ಬಾಯಿಗೆ ಅಡ್ಡಡ್ಡ ನೂಲು ಸಿಕ್ಕಿರತ್ತೆ, ಹಳೇ ಟೂತ್‌ಬ್ರಷ್ ಸಾಕು. ಪೈಪ್ ಉದ್ದ ಆದಷ್ಟೂ ಎಳೆತ ಬೀಳತ್ತೆ ಅನ್ನೋದು ನೆನಪಿರ್ಲಿ, ಇನ್ನೊಂದು ತುಂಡು ಪೈಪ್ ಜೋಡಿಸಿದ ದಿನವೇ ಸಕ್ಷನ್ ಕಮ್ಮಿ ಆಗಿದ್ರೆ ಅದು ದೋಷ ಅಲ್ಲ.

ಎರಡು ಮೋಟರ್ ಇರೋ ಮಷಿನ್‌ನಲ್ಲಿ ಒಂದು ಸತ್ತೋಗಿದ್ರೂ ಇನ್ನೊಂದರ ಸದ್ದಲ್ಲಿ ಗೊತ್ತಾಗಲ್ಲ. ಎರಡಕ್ಕೂ ಬೇರೆ ಸ್ವಿಚ್ ಇದ್ರೆ ಒಂದೊಂದೇ ಆನ್ ಮಾಡಿ ಕೇಳಿ. ಪಕ್ಕಪಕ್ಕ ಕೂರಿಸಿರೋ ಜೋಡಣೆ ಆದ್ರೆ ಸತ್ತ ಮೋಟರ್ ಒಳಗಿಂದಾನೇ ಗಾಳಿ ವಾಪಸ್ ನುಗ್ಗತ್ತೆ, ಅದಕ್ಕೇ ಸಕ್ಷನ್ ಅರ್ಧಕ್ಕಿಂತಲೂ ಕೆಳಗೆ ಹೋಗತ್ತೆ. ಒಂದರ ಹಿಂದೆ ಒಂದು ಇರೋ ಜೋಡಣೆಯಲ್ಲಿ ಇಷ್ಟು ಕೆಡಲ್ಲ.

ಇಷ್ಟೆಲ್ಲಾ ಸರಿ ಇದ್ದೂ ಕಾರ್ಪೆಟ್ ಒದ್ದೆ ಅಂದ್ರೆ ನೀರೇ ಜಾಸ್ತಿ ಬೀಳ್ತಿದೆಯಾ ನೋಡಿ. ಜೆಟ್ ಮೇಲೆ ಕೆತ್ತಿರೋ ನಂಬರ್ ಓದಿ, 11002 ಅಂತಿದ್ರೆ ಮೊದಲ ಮೂರಂಕಿ 110 ಡಿಗ್ರಿ ಅಗಲಕ್ಕೆ ಹರಡತ್ತೆ ಅಂತ, ಕೊನೇ 02 ಅಂದ್ರೆ 40 ಪಿಎಸ್‌ಐ ಪ್ರೆಷರ್‌ನಲ್ಲಿ ನಿಮಿಷಕ್ಕೆ 0.2 ಗ್ಯಾಲನ್, ಹತ್ರ ಹತ್ರ ಮುಕ್ಕಾಲು ಲೀಟರ್. ಯಾರೋ 02 ಜಾಗದಲ್ಲಿ 04 ಹಾಕಿದ್ರೆ ನೀರು ಡಬಲ್, ಸಕ್ಷನ್ ಬೈದು ಪ್ರಯೋಜನ ಇಲ್ಲ. ಟ್ರಿಗರ್ ಬಿಟ್ಟು ಬರೀ ಎಳೆಯೋ ಒಣ ಸ್ಟ್ರೋಕ್ ಒಂದೆರಡು ಹೆಚ್ಚಿಗೆ ಹಾಕೋದೂ ಅಷ್ಟೇ ಮುಖ್ಯ.

ನೀರು ಬರ್ತಿಲ್ಲ, ಬಂದ್ರೂ ಪಟ್ಟೆಪಟ್ಟೆ

ಪಟ್ಟೆಯಾಗಿ ಬೀಳ್ತಿದ್ರೆ, ಅಂದ್ರೆ ಒಂದು ಜೆಟ್ ಚೆನ್ನಾಗಿ ಬೀಸಣಿಗೆ ತರ ಹರಡ್ತಿದೆ ಪಕ್ಕದ್ದು ದಾರದ ತರ ಬರ್ತಿದೆ ಅಂದ್ರೆ, ಪಂಪ್ ಸರಿ ಇದೆ, ಜೆಟ್ ಕಟ್ಟಿದೆ. ಬಿಚ್ಚಿ ಬಿಳಿ ವಿನೆಗರ್‌ನಲ್ಲಿ ರಾತ್ರಿಯೆಲ್ಲಾ ನೆನೆಸಿ, ಬಾಯಲ್ಲಲ್ಲ, ಗಾಳಿ ಪಂಪಲ್ಲಿ ಹಿಂದಿನಿಂದ ಊದಿ. ಪಿನ್ನು ಸೂಜಿ ತಂತಿ ಹಾಕಿ ಚುಚ್ಚೋದು ಬೇಡ, ಆ ತೂತಿನ ಅಂಚು ಒಂಚೂರು ಗೀಚಿದ್ರೂ ಹರಡೋ ಆಕಾರ ಕೆಟ್ಟೋಗತ್ತೆ, ಆಮೇಲೆ ಹೊಸದೇ ಗತಿ. ವಾಪಸ್ ಕೂರಿಸುವಾಗ ಬೀಸಣಿಗೆ ವಾಂಡ್ ಬಾಯಿಗೆ ಸಮನಾಗಿ ಬರೋ ಹಾಗೆ ತಿರುಗಿಸಿ.

ಎಲ್ಲಾ ಜೆಟ್‌ಗಳಲ್ಲೂ ಸಮನಾಗಿ ಕಮ್ಮಿ ಬರ್ತಿದ್ರೆ ಹಿಂದಕ್ಕೆ ನಡೀರಿ. ಕ್ಲೀನ್ ಟ್ಯಾಂಕ್‌ನಲ್ಲಿ ನೀರಿದೆಯಾ? ನಗ್ಬೇಡಿ, ಬಣ್ಣದ ಟ್ಯಾಂಕ್ ಆದ್ರೆ ಹೊರಗಿಂದ ಕಾಣಲ್ಲ. ಟ್ಯಾಂಕ್ ತಳದಲ್ಲಿರೋ ಜಾಲರಿ ಫಿಲ್ಟರ್ ತೊಳೀರಿ, ಪುಡಿ ಕೆಮಿಕಲ್ ಬಳಸೋರ ಮಷಿನ್‌ನಲ್ಲಿ ಅಲ್ಲಿ ಬಿಳೀ ಹಿಟ್ಟಿನ ಮುದ್ದೆ ಸಿಗೋದು ಖಾತ್ರಿ. ಪುಡಿಯನ್ನ ಬೇರೆ ಬಕೆಟ್‌ನಲ್ಲಿ ಬಿಸಿನೀರಲ್ಲಿ ಪೂರ್ತಿ ಕರಗಿಸಿ ಆಮೇಲೆ ಟ್ಯಾಂಕ್‌ಗೆ ಹಾಕ್ಬೇಕು. ಆಮೇಲೆ ಕಪ್ಲರ್: ಕಾಲರ್ ಹಿಂದಕ್ಕೆ ಎಳೆದು ಒತ್ತಿ ಬಿಟ್ರೆ ಟಕ್ ಅನ್ಬೇಕು, ಅರ್ಧ ಕೂತ್ರೆ ಒಳಗಿನ ವಾಲ್ವ್ ತೆರೆಯಲ್ಲ, ನೀರು ಒಂದು ಹನೀನೂ ಬರಲ್ಲ.

ಪಂಪ್ ಓಡೋ ಸದ್ದು ಇದೆ, ಟ್ಯಾಂಕ್ ತುಂಬಾ ನೀರಿದೆ, ಆದ್ರೂ ಏನೂ ಬರ್ತಿಲ್ಲ ಅಂದ್ರೆ ಗಾಳಿ ಕಟ್ಕೊಂಡಿದೆ. ಟ್ಯಾಂಕ್ ಖಾಲಿ ಆಗೋವರೆಗೂ ಓಡಿಸಿದ್ಮೇಲೆ ಹೀಗಾಗೋದು ಮಾಮೂಲು. ವ್ಯಾಕ್ಯೂಮ್ ಪೈಪನ್ನೇ ಉಪಯೋಗಿಸಿ ನೀರು ಎಳೆಸ್ಬೇಕು: ಮಷಿನ್ ಜೊತೆ ಕೊಟ್ಟಿರೋ ಗಿಡ್ಡ ಪ್ರೈಮಿಂಗ್ ಪೈಪನ್ನ ನೀರಿನ ಕಪ್ಲರ್‌ಗೆ ಹಾಕಿ, ಇನ್ನೊಂದು ತುದಿ ವ್ಯಾಕ್ಯೂಮ್ ಬಾಯಿಗೆ ಹಿಡಿದು, ಎರಡೂ ಸ್ವಿಚ್ ಆನ್ ಮಾಡಿದ್ರೆ ಕೆಲವೇ ಸೆಕೆಂಡಲ್ಲಿ ಬುಳುಬುಳು ಅಂತ ನೀರು ಬರತ್ತೆ. ಪಂಪನ್ನ ಒಣಗಿಸಿಕೊಂಡು ನಿಮಿಷಗಟ್ಟಲೆ ಓಡಿಸ್ಬೇಡಿ, ನೀರೇ ಅದರ ತಂಪು.

ಇನ್ನೊಂದು, ಪಂಪ್ ನಿಲ್ತಾನೇ ಇಲ್ಲ ಅಂತ ಬರೋರು. ಇಲ್ಲಿ ನಿಮ್ಮ ಪಂಪ್ ಜಾತಿ ಯಾವ್ದು ಅಂತ ಮೊದಲು ತಿಳ್ಕೊಳ್ಳಿ. ಬೈಪಾಸ್ ಪಂಪ್ ಟ್ರಿಗರ್ ಬಿಟ್ರೂ ನೀರನ್ನ ಸುತ್ತಿಸ್ತಾ ಓಡ್ತಾನೇ ಇರತ್ತೆ, ಅದು ಅದರ ಗುಣ. ಡಿಮ್ಯಾಂಡ್ ಪಂಪ್ ಆದ್ರೆ ಟ್ರಿಗರ್ ಬಿಟ್ಟ ತಕ್ಷಣ ಪ್ರೆಷರ್ ಏರಿ ಸ್ವಿಚ್ ಕಟ್ ಆಗಿ ನಿಲ್ಬೇಕು. ನಿಂತು ಕೆಲವು ಸೆಕೆಂಡ್‌ಗೊಮ್ಮೆ ತಾನಾಗೇ ಟುರ್ ಅಂತಿದ್ರೆ ಎಲ್ಲೋ ಹನಿ ಸೋರ್ತಿದೆ, ಕಪ್ಲರ್‌ಗಳ ಓ-ರಿಂಗ್ ಮತ್ತು ಟ್ರಿಗರ್ ವಾಲ್ವ್ ಒಣ ಬಟ್ಟೇಲಿ ಒರೆಸಿ ಕಾದು ನೋಡಿ. ನಿಲ್ಲೋದೇ ಇಲ್ಲ, ಪ್ರೆಷರೂ ಇಲ್ಲ, ಸೋರಿಕೆನೂ ಇಲ್ಲ ಅಂದ್ರೆ ಪಂಪ್ ಒಳಗಿನ ವಾಲ್ವ್‌ನಲ್ಲಿ ಕಸ ಇದೆ ಅಥವಾ ಡಯಾಫ್ರಮ್ (ನೀರು ತಳ್ಳೋ ರಬ್ಬರ್ ಪದರ) ಹರಿದಿದೆ, ರಿಪೇರಿ ಕಿಟ್ ಸಿಗತ್ತೆ, ಕೈ ಪಳಗಿದ್ರೆ ಮಾಡಿ ಇಲ್ಲಾಂದ್ರೆ ಕೊಡಿ.

ಟ್ರಿಗರ್ ಬಿಟ್ಟ ಮೇಲೂ ಜೆಟ್‌ನಿಂದ ತೊಟ್ಟಿಕ್ತಿದ್ರೆ ಜೆಟ್ ಹಿಂದಿನ ಚೆಕ್ ವಾಲ್ವ್ ಸ್ಪ್ರಿಂಗ್ ಅಥವಾ ಟ್ರಿಗರ್ ವಾಲ್ವ್ ಸೀಲ್. ಸಣ್ಣ ಕೆಲಸ.

ಎಕ್ಸಾಸ್ಟ್‌ನಿಂದ ನೊರೆ, ನೀರಿನ ಹನಿ

ಇದು ಕಂಡ ಕ್ಷಣ ವ್ಯಾಕ್ಯೂಮ್ ಆಫ್ ಮಾಡಿ, ಈ ಮೂಲೆ ಒಂದು ಮುಗಿಸ್ಬಿಡ್ತೀನಿ ಅನ್ಬೇಡಿ. ಫ್ಲೋಟ್ ಬಾಲ್ ನೀರಿಗೆ ಮೇಲೇಳತ್ತೆ, ನೊರೆಗೆ ಏಳಲ್ಲ, ನೊರೆ ಅದರ ಪಕ್ಕದಲ್ಲೇ ನುಸುಳಿ ನೇರ ಮೋಟರ್‌ಗೆ ಹೋಗತ್ತೆ. ಕಾರಣ ಹೆಚ್ಚಾಗಿ ನಿಮ್ಮ ಕೆಮಿಕಲ್ ಅಲ್ಲ, ಹಿಂದೆ ಯಾರೋ ಶಾಂಪೂ ಹಾಕಿ ತೊಳೆದು ಸರಿಯಾಗಿ ತೆಗೀದೆ ಬಿಟ್ಟಿರೋದು, ನಿಮ್ಮ ಬಿಸಿನೀರು ಬಿದ್ದ ತಕ್ಷಣ ಅದು ಎದ್ದು ಬರತ್ತೆ. ಕೊಳೆ ಟ್ಯಾಂಕ್ ಖಾಲಿ ಮಾಡಿ ನೊರೆ ಇಳಿಸೋ ಡಿಫೋಮರ್ ಹಾಕಿ, ಬಾಟಲ್ ಮೇಲೆ ಬರೆದಿರೋ ಅಳತೆಗೆ, ಮತ್ತು ಟ್ಯಾಂಕನ್ನ ಮುಕ್ಕಾಲು ಆಗೋ ಮೊದಲೇ ಖಾಲಿ ಮಾಡ್ತಾ ಇರಿ.

ಒಳಗೆ ಹೋದ ತೇವ ಒಣಗ್ಬೇಕು. ಫ್ಯೂಸ್, ಇಎಲ್‌ಸಿಬಿ (ಕರೆಂಟ್ ಸೋರಿದ್ರೆ ಕಟ್ ಮಾಡೋ ಸ್ವಿಚ್) ಏನೂ ಬಿದ್ದಿಲ್ಲ, ಸದ್ದೂ ಮಾಮೂಲಿದೆ ಅಂದ್ರೆ ಟ್ಯಾಂಕ್ ಖಾಲಿ ಮಾಡಿ ಮುಚ್ಚಳ ತೆಗೆದು ಐದು ನಿಮಿಷ ವ್ಯಾಕ್ಯೂಮ್ ಓಡಿಸಿ. ಟ್ರಿಪ್ ಆಗಿದ್ರೆ ಮತ್ತೆ ಮತ್ತೆ ಆನ್ ಮಾಡೋಕೆ ಹೋಗ್ಬೇಡಿ, ಮೋಟರ್ ಬಿಚ್ಚಿ ಒಣಗಿಸಿ ಇನ್ಸುಲೇಷನ್ ಟೆಸ್ಟ್ ಮಾಡಿಸಿದ್ಮೇಲೆನೇ.

ಮೋಟರ್ ಸದ್ದು ಬದಲಾಗಿದೆ, ಸುಟ್ಟ ವಾಸನೆ

ಗರಗರ ಅಂತ ಕಲ್ಲು ರುಬ್ಬೋ ಸದ್ದು, ಆಫ್ ಮಾಡಿದ್ಮೇಲೆ ನಿಧಾನವಾಗಿ ನಿಲ್ಲೋ ಬದಲು ಗಕ್ಕನೆ ನಿಲ್ಲೋದು: ಬೇರಿಂಗ್. ನೊರೆ ನುಂಗಿದ ಮೋಟರ್‌ಗೆ ಕೆಲವು ವಾರದಲ್ಲಿ ಬರೋ ಕಾಯಿಲೆ ಇದು, ನೊರೆ ಗ್ರೀಸನ್ನ ತೊಳೆದುಬಿಟ್ಟಿರತ್ತೆ. ಎಣ್ಣೆ ಹಾಕಿ ಸರಿಮಾಡೋದು ಸಾಧ್ಯ ಇಲ್ಲ, ಹಾಗೇ ಓಡಿಸ್ತಾ ಹೋದ್ರೆ ಫ್ಯಾನ್ ಒಳಗಡೆ ತಾಗಿ ಪೂರ್ತಿ ಮೋಟರೇ ಹೋಗತ್ತೆ.

ಮೋಟರ್ ಬಿಟ್ಟು ಬಿಟ್ಟು ಓಡ್ತಿದೆ, ಪಕ್ಕಕ್ಕೆ ಒಂದು ತಟ್ಟಿದ್ರೆ ಶುರುವಾಗತ್ತೆ ಅಂದ್ರೆ ಕಾರ್ಬನ್, ಅಂದ್ರೆ ತಿರುಗೋ ಭಾಗಕ್ಕೆ ಕರೆಂಟ್ ಕೊಡೋ ಸಣ್ಣ ತುಂಡು, ಸವೆದಿದೆ. ಪ್ಲಗ್ ಕಿತ್ತು ಬಿಚ್ಚಿ ಅಳೀರಿ, 10 ಮಿಲಿಮೀಟರ್ ಹತ್ರ ಬಂದಿದ್ರೆ ಬದಲಾಯಿಸೋ ಸಮಯ, ಒಂದೇ ಸವೆದಿದ್ರೂ ಜೋಡಿಯಾಗೇ ಹಾಕಿ. ಹಾಕೋ ಮುಂಚೆ ಕಾರ್ಬನ್ ಉಜ್ಜೋ ತಾಮ್ರದ ಉಂಗುರ, ಕಮ್ಯುಟೇಟರ್ ನೋಡಿ: ನಯವಾಗಿ ಕಂದು ಬಣ್ಣ ಇದ್ರೆ ಸರಿ, ಕಪ್ಪಗೆ ಸುಟ್ಟು ಗೀರು ಬಿದ್ದಿದ್ರೆ ಹೊಸ ಕಾರ್ಬನ್ ಹಾಕೋದು ದುಡ್ಡು ದಂಡ. ಹೊಸದು ಹಾಕಿದ ತಕ್ಷಣ ಫುಲ್ ಕೆಲಸಕ್ಕೆ ಇಳಿಸ್ಬೇಡಿ, ಅರ್ಧ ವೋಲ್ಟೇಜ್‌ನಲ್ಲಿ ಅರ್ಧ ಗಂಟೆ ಓಡಿಸಿದ್ರೆ ಅದು ಉಂಗುರದ ಆಕಾರಕ್ಕೆ ಹೊಂದ್ಕೊಳ್ಳತ್ತೆ. ವೋಲ್ಟೇಜ್ ಇಳಿಸೋ ಸಾಧನ ಮೆಕ್ಯಾನಿಕ್ ಹತ್ರ ಇರತ್ತೆ, ಮನೇಲಿ ವೈರ್ ಜೋಡಿಸಿ ಪ್ರಯೋಗ ಮಾಡೋದು ಬೇಡ. ಸುಟ್ಟ ವಾಸನೆ ಜೊತೆ ಹೊಗೆನೂ ಬಂದ್ರೆ ನೋಡೋದೇನೂ ಇಲ್ಲ, ಪ್ಲಗ್ ಕಿತ್ತು ಅಲ್ಲಿಗೆ ನಿಲ್ಸಿ.

ಟ್ರಿಪ್ ಆಗ್ತಿದೆ

ಯಾವ್ದು ಬೀಳ್ತಿದೆ ಅಂತ ಬೋರ್ಡ್ ಹತ್ರ ಹೋಗಿ ನೋಡಿ, ಎರಡಕ್ಕೂ ಅರ್ಥ ಬೇರೆ. ಎಂಸಿಬಿ ಬಿದ್ರೆ ಕರೆಂಟ್ ಜಾಸ್ತಿ ಎಳೀತಿದೆ. ಲೆಕ್ಕ ಹಾಕಿ: 230 ವೋಲ್ಟ್ ಲೈನ್‌ನಲ್ಲಿ 1200 ವ್ಯಾಟ್‌ನ ಎರಡು ಮೋಟರ್ ಸೇರಿ ಹತ್ತೂವರೆ ಆಂಪಿಯರ್ ಹತ್ರ, ಅದ್ರ ಮೇಲೆ 2000 ವ್ಯಾಟ್ ಹೀಟರ್‌ಗೆ ಹೆಚ್ಚೂಕಮ್ಮಿ 9, ಒಟ್ಟು 19 ದಾಟತ್ತೆ, 16 ಆಂಪಿಯರ್ ಸಾಕೆಟ್ ತಡ್ಕೊಳ್ಳಲ್ಲ. ದೊಡ್ಡ ಮಷಿನ್‌ಗೆ ಎರಡು ಕೇಬಲ್ ಕೊಟ್ಟಿರೋದು ಇದಕ್ಕೇ, ಅವೆರಡನ್ನೂ ಒಂದೇ ಬೋರ್ಡಿನ ಅಕ್ಕಪಕ್ಕದ ಸಾಕೆಟ್‌ಗೆ ಹಾಕಿದ್ರೆ ಏನೂ ಉಪಯೋಗ ಇಲ್ಲ, ಬೇರೆ ಬೇರೆ ಎಂಸಿಬಿಯಿಂದ ಬರೋ ಸಾಕೆಟ್ ಬೇಕು. ಎಕ್ಸ್‌ಟೆನ್ಷನ್ ಕೇಬಲ್ ಮುಟ್ಟಿ ನೋಡಿ, ಬಿಸಿ ಅನ್ನಿಸಿದ್ರೆ ವೈರ್ ಸಣ್ಣದಾಯ್ತು, 2.5 ಚದರ ಮಿಲಿಮೀಟರ್ ಇರ್ಲಿ, ರೀಲ್ ಆದ್ರೆ ಪೂರ್ತಿ ಬಿಚ್ಚಿ ಹಾಸಿ, ಸುತ್ತಿದ್ದು ಸುತ್ತಿದ ಹಾಗೇ ಓಡಿಸಿದ್ರೆ ಒಳಗೆ ಬಿಸಿಯಾಗಿ ಕರಗತ್ತೆ.

ಇಎಲ್‌ಸಿಬಿ ಬಿದ್ರೆ ಕರೆಂಟ್ ಬಾಡಿಗೋ ನೆಲಕ್ಕೋ ಸೋರ್ತಿದೆ, ಇದು ಲೋಡ್ ಲೆಕ್ಕ ಅಲ್ಲ. ಕೈ ಒಣಗಿಸ್ಕೊಂಡು, ಮಷಿನ್‌ನ ಎಲ್ಲಾ ಸ್ವಿಚ್ ಆಫ್ ಮಾಡಿ ಪ್ಲಗ್ ಹಾಕಿ, ಆಮೇಲೆ ಪಂಪ್, ಆಮೇಲೆ ವ್ಯಾಕ್ಯೂಮ್, ಕೊನೇಲಿ ಹೀಟರ್ ಅಂತ ಒಂದೊಂದೇ ಆನ್ ಮಾಡಿ. ಯಾವ ಸ್ವಿಚ್‌ಗೆ ಬಿತ್ತೋ ಆ ಭಾಗ, ನನ್ನ ಅನುಭವದಲ್ಲಿ ಹೆಚ್ಚಾಗಿ ಹೀಟರ್. ಎಲ್ಲಾ ಆಫ್ ಇದ್ದೂ ಬಿದ್ರೆ ಕೇಬಲ್ ಅಥವಾ ಒದ್ದೆಯಾಗಿರೋ ಸ್ವಿಚ್. ಗೊತ್ತಾದ್ಮೇಲೆ ಎಲೆಕ್ಟ್ರಿಷಿಯನ್‌ಗೆ ಬಿಡಿ. ಬಾಡಿ ಮುಟ್ಟಿದ್ರೆ ಜುಮ್ ಅಂತಿದೆ ಅಂದ್ರೆ ಈ ಪರೀಕ್ಷೆನೂ ಬೇಡ, ಗೋಡೆ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ. ಇಎಲ್‌ಸಿಬಿ ಇಲ್ಲದ ಸಾಕೆಟ್ ಹುಡುಕಿ ಅಲ್ಲಿ ಓಡಿಸೋದಂತೂ ಜೀವದ ಜೊತೆ ಆಟ.

ನೀರು ಬಿಸಿ ಆಗ್ತಿಲ್ಲ

ಮೊದಲ ನಿಮಿಷ ಸುಡೋ ನೀರು, ಆಮೇಲೆ ಉಗುರುಬೆಚ್ಚಗೆ ಆದ್ರೆ ಹೀಟರ್ ಕೆಟ್ಟಿಲ್ಲ, ಅದರ ಶಕ್ತಿನೇ ಅಷ್ಟು. 02 ಜೆಟ್ ಎರಡಿದ್ದು 100 ಪಿಎಸ್‌ಐನಲ್ಲಿ ಓಡಿದ್ರೆ ನಿಮಿಷಕ್ಕೆ 2.4 ಲೀಟರ್ ಹೋಗತ್ತೆ, ಅಷ್ಟು ನೀರನ್ನ 2000 ವ್ಯಾಟ್ ಹೀಟರ್ ಏರಿಸೋದು ಬರೀ 12 ಡಿಗ್ರಿ. ನಡುನಡುವೆ ಟ್ರಿಗರ್ ಬಿಟ್ಟು ಒಣ ಸ್ಟ್ರೋಕ್ ಹಾಕಿದ್ರೆ ಅದಕ್ಕೆ ಉಸಿರಾಡೋಕೆ ಟೈಮ್ ಸಿಗತ್ತೆ. ಟ್ಯಾಂಕ್‌ಗೇ ಬಿಸಿನೀರು ತುಂಬೋರು ಮ್ಯಾನ್ಯುಯಲ್‌ನಲ್ಲಿ ಎಷ್ಟು ಡಿಗ್ರಿವರೆಗೆ ಅಂತ ಕೊಟ್ಟಿದೆ ನೋಡ್ಕೊಳ್ಳಿ, ಕುದಿಯೋ ನೀರು ಹಾಕಿದ್ರೆ ಪಂಪ್ ಸೀಲ್ ಹೋಗತ್ತೆ.

ಶುರುವಿಂದ್ಲೇ ತಣ್ಣಗಿದ್ರೆ ಹೀಟರ್ ಕೇಬಲ್‌ಗೆ ಕರೆಂಟ್ ಬರ್ತಿದೆಯಾ, ಓವರ್‌ಹೀಟ್ ರೀಸೆಟ್ ಬಟನ್ ಹಾರಿದೆಯಾ ನೋಡಿ. ಒಂದ್ಸಲ ಒತ್ತಿ, ಮತ್ತೆ ಹಾರಿದ್ರೆ ನಿಲ್ಸಿ, ಅದು ಸುಮ್ನೆ ಹಾರಲ್ಲ. ತಿಂಗಳಿಂದ ತಿಂಗಳಿಗೆ ಬಿಸಿನೂ ಪ್ರೆಷರೂ ಒಟ್ಟಿಗೆ ಇಳೀತಾ ಬಂದಿದ್ರೆ ಒಳಗೆ ಗಡಸು ನೀರಿನ ಸುಣ್ಣ ಕಟ್ಟಿದೆ. ಕಂಪನಿ ಹೇಳಿರೋ ಡಿಸ್ಕೇಲರ್ ಇದ್ರೆ ಅದೇ, ಇಲ್ಲಾಂದ್ರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ, ಹೀಟರ್ ಆಫ್ ಇಟ್ಟು, ಪಂಪ್‌ನಿಂದ ಎಳೆಸಿ ಜೆಟ್‌ನಿಂದ ಬಕೆಟ್‌ಗೆ ಬರೋವರೆಗೂ ಓಡಿಸಿ, ಅರ್ಧ ಗಂಟೆ ಬಿಟ್ಟು ಬರೀ ನೀರಲ್ಲಿ ಚೆನ್ನಾಗಿ ತೊಳೀರಿ. ಬಕೆಟ್‌ನಲ್ಲಿ ಬಿಳೀ ಚಕ್ಕೆ ಕಾಣತ್ತೆ. ಟ್ಯಾಂಕ್‌ನಲ್ಲಿ ಬ್ಲೀಚ್ ಇದ್ದಿದ್ರೆ ಮೊದಲು ಪೂರ್ತಿ ತೊಳೀಬೇಕು, ಬ್ಲೀಚ್‌ಗೆ ವಿನೆಗರ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಏಳತ್ತೆ.

ನಾರುತ್ತಿದೆ

ಕೊಳೆ ಟ್ಯಾಂಕ್‌ನ ರಾತ್ರಿ ಮುಚ್ಚಿಟ್ಟಿದ್ದೀರಿ. ತೊಳೆದು ಮುಚ್ಚಳ ತೆರೆದೇ ಇಡಿ, ಪೈಪನ್ನ ಸುತ್ತಿಡೋ ಬದಲು ಇಳಿಜಾರಾಗಿ ನೇತುಹಾಕಿ.

ಮೆಕ್ಯಾನಿಕ್ ಹತ್ರ ಹೋಗೋದಾದ್ರೆ

ಮಷಿನ್ ಓಡ್ತಿಲ್ಲ ಅಂತ ಮಾತ್ರ ಹೇಳ್ಬೇಡಿ. ಅಂಗೈ ಮುಚ್ಚಿದಾಗ ಸದ್ದು ಏನಾಯ್ತು, ಯಾವ ಸ್ವಿಚ್‌ಗೆ ಟ್ರಿಪ್ ಆಯ್ತು, ನೊರೆ ಯಾವತ್ತಾದ್ರೂ ನುಂಗಿತ್ತಾ, ಎಲ್ಲಾ ಜೆಟ್ ಕಮ್ಮಿಯಾ ಒಂದೇನಾ, ಇಷ್ಟು ಹೇಳಿ. ವಾಂಡ್ ಮತ್ತು ಎರಡೂ ಪೈಪ್ ಜೊತೇಲೇ ತಗೊಂಡ್ಹೋಗಿ, ಬರೀ ಡಬ್ಬಿ ಕೊಟ್ಟು ಬಂದ್ರೆ ಅಲ್ಲಿ ಸರಿಯಾಗೇ ಓಡತ್ತೆ, ವಾಪಸ್ ತಂದು ಪೈಪ್ ಸಿಕ್ಕಿಸಿದ್ರೆ ಮತ್ತೆ ಅದೇ ಹಾಡು. ವ್ಯಾಕ್ಯೂಮ್ ಗೇಜ್ ಅವರ ಹತ್ರ ಇದ್ರೆ ಮಷಿನ್ ರೆಡಿಯಾದ ದಿನ ಬಾಯಿ ಮುಚ್ಚಿ ರೀಡಿಂಗ್ ತೆಗೆಸಿ, ತಾರೀಖು ಸಮೇತ ಮುಚ್ಚಳದ ಒಳಗಡೆ ಮಾರ್ಕರ್‌ನಲ್ಲಿ ಬರೆದಿಡಿ. ನನ್ನ ಮಷಿನ್ ಮುಚ್ಚಳದಲ್ಲಿ ಈಗ ಅಂಥವು ಏಳು ಸಾಲಿದೆ.